ಒಂದು ಗಂಟಲಿನ ಜಗಳ

ಮೆಕ್ಸಿಕೊ ನಗರ
12 ಫೆಬ್ರವರಿ 1952

ಕೊಂಪಾದ್ರೆ ಕ್ರಿಸ್ಪಿನ್,

ಬದುಕಿದ್ದೀಯೋ, ಇಲ್ಲ ನಿನ್ನ ಕುದುರೆಗಳೇ ನಿನ್ನನ್ನು ಸಂತೆಯಲ್ಲಿ ಮಾರಿಬಿಟ್ಟವೋ? ಕ್ರಿಸ್‌ಮಸ್‌ಗೆ ಬರೆದ ಪತ್ರಕ್ಕೆ ಜವಾಬಿಲ್ಲ. ಅಂಪಾರೊಗೆ ಕಳಿಸಿದ ಕೆಂಪು ರಿಬ್ಬನ್ನು ತಲುಪಿತೋ ಇಲ್ಲವೋ ದೇವರೇ ಬಲ್ಲ. ನಿನ್ನ ಮಗಳ ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿಕೊಂಡು ನಿಂತ ತಪ್ಪಿಗೆ ನಾನು ನಿನಗೆ ಕೊಂಪಾದ್ರೆಯಾದೆ. ಆ ನಂಟಿಗಾದರೂ ಎರಡು ಸಾಲು ಗೀಚಬಾರದೇ?

ಸುದ್ದಿ ಕೇಳು. ನಿರ್ದೇಶಕ ದೋನ್ ಒನೊರಾತೊ ಮತ್ತೆ ನಮ್ಮಿಬ್ಬರನ್ನು ಹಾಕಿಕೊಂಡು ಚಿತ್ರ ತೆಗೆಯುತ್ತಿದ್ದಾರೆ. ಕಥೆ ಏನು ಅಂತ ಕೇಳಿದೆ. "ಅದೇ ಕಣಯ್ಯಾ. ಇಬ್ಬರು ಹುಚ್ಚರು, ಒಬ್ಬಳು ಜಾಣೆ, ಒಂದು ಕುದುರೆ. ಮಧ್ಯದಲ್ಲಿ ಒಂದು ಪಡಖಾನೆ," ಅಂದರು. "ಹೋದ ಚಿತ್ರದ್ದೂ ಇದೇ ಕಥೆ ಅಲ್ವಾ?" ಅಂದೆ. "ಹೋದ ಚಿತ್ರದಲ್ಲಿ ಕುದುರೆ ಬಿಳೀದು," ಅಂದರು. ನಕ್ಕು ಸಾಕಾಯಿತು. ಆದರೂ ಆ ಮನುಷ್ಯ ಅದೇ ಪಡಖಾನೆಯನ್ನು ಎಷ್ಟು ಸಲ ತೋರಿಸಿದರೂ ಜನ ಹೊಸದಾಗಿ ಕೂತು ನೋಡುತ್ತಾರಲ್ಲ, ಮೆಚ್ಚಲೇಬೇಕು. ಒಂದು ಬಾಗಿಲು, ಒಂದು ಉದ್ದನೆಯ ಕಟ್ಟೆ, ಅದರ ಎರಡು ತುದಿಯಲ್ಲಿ ನೀನು ಮತ್ತು ನಾನು. ಅಷ್ಟರಲ್ಲೇ ಅವರು ಇಡೀ ಹಾಲಿಸ್ಕೊ ಸೀಮೆಯನ್ನು ತುಂಬಿಸಿಬಿಡುತ್ತಾರೆ.

ನಮ್ಮ ಸವಾಲು-ಜವಾಬಿನ ಪದ ಇದ್ದೇ ಇದೆ. ನೀನೊಂದು ಬಯ್ಯಬೇಕು, ನಾನೊಂದು ಬಯ್ಯಬೇಕು, ಜವಾಬು ಸಿಗದವನು ಟೋಪಿ ತೆಗೆದು ಕಟ್ಟೆಯ ಮೇಲಿಟ್ಟು ಎಲ್ಲರಿಗೂ ಕುಡಿಸಬೇಕು. ಹೋದ ಸಲ ಟೋಪಿ ಇಟ್ಟವನು ನಾನು. ಈ ಸಲ ಗೆಲ್ಲುವ ಸರದಿ ನನ್ನದು, ಚಿತ್ರಕಥೆಯಲ್ಲೇ ಬರೆದಾಗಿದೆ. ಕೊನೆಯ ಪದವನ್ನು ಎಂದಿನಂತೆ ಗುಟ್ಟಾಗಿಡು. ಮೈಕಿನ ಮುಂದೆ ಮೊದಲ ಸಲ ಕೇಳಿದಾಗ ಬರುವ ನಗುವೇ ಬೇರೆ. ಅದು ಹಾಡು ಹಿಡಿಯುವ ಗ್ರಾಮಫೋನ್ ತಟ್ಟೆಯಲ್ಲಿ ಹಾಗೇ ಉಳಿಯುತ್ತದೆ.

ಹೋದ ವಾರ ಸ್ಟುಡಿಯೊದಲ್ಲಿ ಊಟಕ್ಕೆ ಕೂತಾಗ ಹುಡುಗರು ಪೀಡಿಸಿದರು ಅಂತ ನಿನ್ನ ದನಿಯಲ್ಲಿ ಹಾಡಿದೆ. ಅಡುಗೆಯ ಹೆಂಗಸು ಒಲೆ ಬಿಟ್ಟು ಓಡಿ ಬಂದು "ದೋನ್ ಕ್ರಿಸ್ಪಿನ್ ಬಂದ್ರಾ?" ಅಂದಳು. ಲೋಕವೆಲ್ಲ ಒಪ್ಪುತ್ತದೆ. ನೀನೊಬ್ಬ ಮಾತ್ರ ಅದನ್ನು ನೆಗಡಿ ಹಿಡಿದ ಮೇಕೆ ಅನ್ನುತ್ತೀಯ.

ಮೊದಲ ಏಟು ನನ್ನದೇ ಇರಲಿ, ಹಿಡಿ:

ನಿನ್ನ ಕುದುರೆಗೆ ಕಣ್ಣು ಕಾಣದು, ನಿನಗೆ ಬುದ್ಧಿ ಸಾಲದು;
ಇಬ್ಬರೂ ಸೇರಿ ಊರು ಸುತ್ತಿದರೂ ಮನೆಯ ದಾರಿ ಸಿಗದು.

ಜವಾಬು ಬೇಗ ಕಳಿಸು. ನಿನ್ನಮ್ಮ ದೋನ್ಯಾ ತೊಮಾಸಾಗೆ ನನ್ನ ನಮಸ್ಕಾರ.

ನಿನ್ನ ಶತ್ರು,
ನಾಬೋರ್


ಸಾನ್ ಗಾಸ್ಪರ್, ಹಾಲಿಸ್ಕೊ
2 ಮಾರ್ಚ್ 1952

ನಾಬೋರ್,

ರಿಬ್ಬನ್ನು ತಲುಪಿತು. ಅಂಪಾರೊ ಅದನ್ನು ಹಂದಿಮರಿಯ ಕೊರಳಿಗೆ ಕಟ್ಟಿದ್ದಾಳೆ. ಅದಕ್ಕೆ ನಿನ್ನ ಹೆಸರನ್ನೇ ಇಟ್ಟಿದ್ದಾಳೆ, ಬೇಜಾರು ಮಾಡಿಕೊಳ್ಳಬೇಡ.

ಚಿತ್ರಕ್ಕೆ ನಾನು ಬರುವುದಿಲ್ಲ. ಇಲ್ಲಿ ಹೆಣ್ಣು ಕುದುರೆಗಳು ಈಯುವ ಕಾಲ. ಬಾವಿ ತೋಡಿಸಬೇಕು. ಅಮ್ಮನ ಮಂಡಿನೋವು ಬೇರೆ. ದೋನ್ ಒನೊರಾತೊಗೆ ಬೇರೆ ಯಾರಾದರೂ ಸಿಗುತ್ತಾರೆ. ಮೀಸೆ ಇರುವ ಹುಡುಗರಿಗೆ ಆ ಊರಿನಲ್ಲಿ ಬರವೇ?

ಅಮ್ಮ ನಿನ್ನನ್ನು ಕೇಳಿದಳು. ನಮ್ಮ ಹಳೆಯ ಚಿತ್ರವೊಂದು ಹೋದ ತಿಂಗಳು ಇಲ್ಲಿಗೆ ಮತ್ತೆ ಬಂದಿತ್ತು, ಕುರ್ಚಿ ಹೊತ್ತುಕೊಂಡು ಹೋಗಿ ಕೂತಳು. ಎಂದಿನಂತೆ ಕಣ್ಣು ಮುಚ್ಚಿಕೊಂಡೇ. ನಿನಗೆ ಗೊತ್ತಲ್ಲ, ನನ್ನ ಮೊದಲ ಚಿತ್ರದಲ್ಲಿ ನನ್ನ ಮುಖವನ್ನು ಚರ್ಚಿನ ಬಾಗಿಲಷ್ಟು ದೊಡ್ಡದಾಗಿ ನೋಡಿ ಹೆದರಿ, "ಇಷ್ಟು ದೊಡ್ಡ ಮೂಗನ್ನ ನಾನು ಹೆತ್ತಿಲ್ಲ," ಅಂತ ಶಾಲು ಹೊದ್ದವಳು, ಅಂದಿನಿಂದ ಕಣ್ಣು ಬಿಟ್ಟು ಚಿತ್ರ ನೋಡಿಲ್ಲ. ಕೇಳುತ್ತಾಳೆ, ಅಷ್ಟೇ.

ಆರೋಗ್ಯ ನೋಡಿಕೊ.

ಕ್ರಿಸ್ಪಿನ್


ಮೆಕ್ಸಿಕೊ ನಗರ
10 ಮಾರ್ಚ್ 1952

ಸ್ವಾಮೀ ಕ್ರಿಸ್ಪಿನ್ ಉಲ್ಯೋವಾ ಅವರ ಸನ್ನಿಧಾನಕ್ಕೆ,

ನಿನ್ನ ಪತ್ರ ಓದಿ ಮೈ ಉರಿಯಿತು. ಬಾವಿಯಂತೆ, ಬಾವಿ! ನೀನು ಯಾವತ್ತು ಗುದ್ದಲಿ ಹಿಡಿದಿದ್ದೀಯ? ನಾನು ಹಾಡಿ ಬಯ್ದರೆ ಒಂದು ಪದದ ಜವಾಬೂ ಇಲ್ಲದೆ ಹಂದಿಮರಿಯ ಸಮಾಚಾರ ಬರೆಯುತ್ತೀಯ.

ನನಗೆ ಅರ್ಥವಾಗಿದೆ ಬಿಡು. ಗೋಡೆಗೆ ಅಂಟಿಸುವ ಚಿತ್ರಪಟದಲ್ಲಿ ಹೋದ ಸಲ ನನ್ನ ಹೆಸರು ಮೇಲಿತ್ತು, ನಿನ್ನದು ಕೆಳಗಿತ್ತು. ಅದೇ ತಾನೇ? ಬಾಯಿಬಿಟ್ಟು ಹೇಳಿದ್ದರೆ ಆಗುತ್ತಿತ್ತು. ಇವತ್ತೇ ಹೋಗಿ ಹೇಳಿ ಬಂದೆ: ಕ್ರಿಸ್ಪಿನ್ ಹೆಸರು ಮೇಲೆ, ಎರಡು ಪಟ್ಟು ದೊಡ್ಡದಾಗಿ. ಕುದುರೆಯ ಹೆಸರು ಎರಡನೆಯದು. ಜಾಗ ಉಳಿದರೆ ನನ್ನದು.

ತಮಾಷೆ ಸಾಕು. ನೀನಿಲ್ಲದೆ ಈ ಚಿತ್ರ ಇಲ್ಲ. ಬೇರೆ ಹುಡುಗನನ್ನು ನಿಲ್ಲಿಸಿ ದೋನ್ ಒನೊರಾತೊ ನೋಡಿದರು. ಚೆನ್ನಾಗಿ ಹಾಡುತ್ತಾನೆ, ಚೆನ್ನಾಗಿ ಬಯ್ಯುತ್ತಾನೆ. ಆದರೆ ನಾನು ಬಯ್ದಾಗ ಅವನಿಗೆ ನಿಜವಾಗಿ ನೋವಾಯಿತು. ಮುಖ ಸಪ್ಪೆ ಮಾಡಿಕೊಂಡ. ನೀನು ಹಾಗಲ್ಲ. ನಾನು ಬಯ್ಯುವುದನ್ನು ಹಬ್ಬದೂಟದ ಹಾಗೆ ಕಾದಿದ್ದು ತಿನ್ನುತ್ತೀಯ, ಅದು ನಿನ್ನ ಕಣ್ಣಲ್ಲಿ ಕಾಣುತ್ತದೆ, ಅದಕ್ಕೇ ಜನ ನಗುತ್ತಾರೆ. ಇದನ್ನು ನಾನು ನಿನ್ನ ಎದುರಿಗೆ ಯಾವತ್ತೂ ಹೇಳುವುದಿಲ್ಲ, ಪತ್ರ ಹರಿದು ಹಾಕು.

ಬಾರೋ. ಹೆದರುಪುಕ್ಕಲ ಅನ್ನಿಸಿಕೊಳ್ಳಬೇಡ.

ನಾಬೋರ್


ಸಾನ್ ಗಾಸ್ಪರ್
25 ಮೇ 1952

ಕೊಂಪಾದ್ರೆ,

ಇಷ್ಟು ದಿನ ಬರೆಯದೆ ಇದ್ದುದಕ್ಕೆ ಬಯ್ಯಬೇಡ. ನಾಲ್ಕು ಸಲ ಬರೆದು ಒಲೆಗೆ ಹಾಕಿದೆ. ಚಿತ್ರಪಟವೂ ಅಲ್ಲ, ಹೆಸರೂ ಅಲ್ಲ. ನನ್ನ ಗಂಟಲು ಹೋಯಿತು.

ಹೋದ ಸೆಪ್ಟೆಂಬರಿನಲ್ಲಿ ಗ್ವಾದಲಹಾರಕ್ಕೆ ಕುದುರೆ ವ್ಯಾಪಾರಕ್ಕೆ ಹೋಗಿದ್ದೆ ಅಂತ ಎಲ್ಲರಿಗೂ ಹೇಳಿದ್ದೆನಲ್ಲ, ಡಾಕ್ಟರ ಹತ್ತಿರ ಹೋಗಿದ್ದೆ. ಒಳಗೆ ಗಂಟೊಂದು ಬೆಳೆದಿತ್ತು, ತೆಗೆದರು. "ಪ್ರಾಣಕ್ಕೆ ಭಯ ಇಲ್ಲ, ದನಿ ಮಾತ್ರ ವಾಪಸ್ ಬರಲ್ಲ," ಅಂದರು. ಈಗ ಮಾತಾಡಿದರೆ ಎಣ್ಣೆ ಕಾಣದ ಬಾಗಿಲಿನ ಸದ್ದು. ಹಾಡಲು ಹೋದರೆ ಅದೂ ಇಲ್ಲ. ಹೆಂಡತಿಗೆ ಗೊತ್ತು, ಈಗ ನಿನಗೆ ಗೊತ್ತು.

ಅಮ್ಮನಿಗೆ ಹೇಳಲು ನನ್ನ ಕೈಲಾಗಲಿಲ್ಲ. ಅಪ್ಪ ತೀರಿಕೊಂಡಾಗ ನನಗೆ ಹದಿನಾರು. ಶವದ ಮುಂದೆ ನಾನು ಹಾಡಿದ್ದನ್ನು ಕೇಳಿ ಅಮ್ಮ ಅಳು ನಿಲ್ಲಿಸಿದ್ದಳು. "ಅವರು ಎಲ್ಲೂ ಹೋಗಿಲ್ಲ, ಇವನ ಗಂಟಲಲ್ಲಿ ಕೂತಿದ್ದಾರೆ," ಅಂತ ಬಂದವರಿಗೆಲ್ಲ ಹೇಳಿದಳು. ಈಗಲೂ ಹೇಳುತ್ತಾಳೆ. ಅವಳಿಗೆ ಎರಡನೇ ಸಲ ಗಂಡ ಸತ್ತ ಸುದ್ದಿಯನ್ನು ನಾನು ಹೇಗೆ ಹೇಳಲಿ?

ಅದಕ್ಕೇ ಒಂದು ಸುಳ್ಳು ಹೇಳಿದೆ: ಸಾನ್ ಹುವಾನ್ ಊರಿನ ದೇವಮಾತೆಗೆ ಹರಕೆ ಹೊತ್ತಿದ್ದೇನೆ, ಅದು ಮುಗಿಯುವ ತನಕ ಹಾಡುವುದಿಲ್ಲ, ಜೋರಾಗಿ ಮಾತೂ ಆಡುವುದಿಲ್ಲ ಅಂತ ಪಿಸುಗುಟ್ಟಿದೆ. ಅಮ್ಮ ಅದನ್ನು ಊರಿಗೆಲ್ಲ ಸಾರಿಬಿಟ್ಟಳು. ಪಾದ್ರಿಗಳು ಭಾನುವಾರದ ಪೂಜೆಯಲ್ಲಿ ನನ್ನ ಭಕ್ತಿಯನ್ನು ಕೊಂಡಾಡಿದರು. ಮುದುಕಿಯರು ನನ್ನ ಕೈಗೆ ಮುತ್ತಿಡುತ್ತಾರೆ. ಸಂತೆಯಲ್ಲಿ ಚೌಕಾಸಿ ಮಾಡಲಾರದೆ ಕುಂಟು ಕುದುರೆಯೊಂದನ್ನು ತಲೆಗೆ ಕಟ್ಟಿಸಿಕೊಂಡೆ.

ಅಲ್ಲಿಗೆ ನಿಲ್ಲುತ್ತಿತ್ತು. ಏಪ್ರಿಲ್‌ನಲ್ಲಿ ನೀನು ಪತ್ರಿಕೆಯವನಿಗೆ "ಕ್ರಿಸ್ಪಿನ್ ಖಂಡಿತ ಬರ್ತಾನೆ, ಜುಲೈನಲ್ಲಿ ಶುರು," ಅಂತ ಹೇಳಿದೆಯಂತೆ. ಕ್ಷೌರಿಕ ಅದನ್ನು ಅಮ್ಮನಿಗೆ ಓದಿ ಹೇಳಿದ. "ಹಾಗಾದ್ರೆ ಹರಕೆ ಮುಗೀತು, ಮಾತೆಯೇ ಕರೆಸ್ಕೊಳ್ತಾ ಇದಾಳೆ," ಅಂದಳು. ನನ್ನ ಕಪ್ಪು ದಿರಿಸಿನ ಬೆಳ್ಳಿ ಗುಂಡಿಗಳನ್ನು ಬೂದಿ ಹಾಕಿ ತಿಕ್ಕುತ್ತಾ ಕೂತಿದ್ದಾಳೆ.

ಏನು ಮಾಡಲಿ ಹೇಳು. ನೀನು ಬರೆದ ಪದಕ್ಕೆ ಜವಾಬು ಕೆಳಗಿದೆ, ಹಾಡಲಾರೆ ಅಷ್ಟೇ.

ಮೀಸೆ ತಿರುವಿ ಬಂದ ನೋಡಿ ನಮ್ಮ ಊರ ಹುಂಜ;
ಹೆಂಡತಿ ಕೆಮ್ಮಿದ ಸದ್ದಿಗೇನೆ ಹತ್ತಿ ಕೂತ ಮಂಚ.

ಕ್ರಿಸ್ಪಿನ್


ಮೆಕ್ಸಿಕೊ ನಗರ
29 ಮೇ 1952

ನನ್ನ ಕ್ರಿಸ್ಪಿನ್,

ಪತ್ರ ಬಂದಾಗ ಗಡ್ಡಕ್ಕೆ ಸೋಪು ಹಚ್ಚಿದ್ದೆ. ಅರ್ಧ ಮುಖದಲ್ಲಿ ಸೋಪು ಒಣಗುವ ತನಕ ಕೂತಿದ್ದೆ. ಅತ್ತೆ. ಹೇಳಲು ನಾಚಿಕೆ ಇಲ್ಲ. ಆಮೇಲೆ ನಿನ್ನ ಹುಂಜದ ಪದ ಓದಿ ನಗು ಬಂತು, ಮತ್ತೆ ಅತ್ತೆ.

ಈಗ ನಾನು ಹೇಳಿದ ಹಾಗೆ ಕೇಳು. ಚಿತ್ರದಲ್ಲಿ ಹಾಡು ಮೊದಲು ತಟ್ಟೆಗೆ ಹೋಗುತ್ತದೆ, ಆಮೇಲೆ ಸೆಟ್ಟಿನಲ್ಲಿ ತಟ್ಟೆ ತಿರುಗುವಾಗ ನಾವು ತುಟಿ ಆಡಿಸುತ್ತೇವೆ. ತಟ್ಟೆಯಲ್ಲಿ ಯಾರು ಹಾಡಿದರು ಅಂತ ಕ್ಯಾಮೆರಾ ಕೇಳುವುದಿಲ್ಲ. ನೆಗಡಿ ಹಿಡಿದ ಮೇಕೆ ನಿನಗಾಗಿ ಹಾಡುತ್ತದೆ. ನನ್ನ ಪದ ನನ್ನ ದನಿಯಲ್ಲಿ, ನಿನ್ನ ಪದ ನಿನ್ನ ದನಿಯಲ್ಲಿ, ಎರಡೂ ನಾನೇ.

ದೋನ್ ಒನೊರಾತೊಗೆ ಹೇಳಲೇಬೇಕಾಯಿತು. ಆ ಮನುಷ್ಯ ಕಿಟಕಿಯ ಹತ್ತಿರ ಹೋಗಿ ನಿಂತರು. ಆಮೇಲೆ ತಿರುಗಿ, "ಅವನ ಪಾತ್ರ ಮಾತೇ ಆಡಲ್ಲ. ಹುಡುಗಿ ಒಪ್ಪೋವರೆಗೂ ಒಂದು ಮಾತೂ ಆಡಲ್ಲ, ಬರೀ ಹಾಡ್ತೀನಿ ಅಂತ ಪಂಥ ಕಟ್ಟಿದಾನೆ," ಅಂದರು. ಇಡೀ ಚಿತ್ರಕಥೆಯನ್ನು ಅಲ್ಲಿಯೇ ನಿಂತು ಮಗುಚಿ ಹಾಕಿದರು, ಅದೂ ಮೊದಲಿಗಿಂತ ಚೆನ್ನಾಗಿ. "ಇದು ನಗೆಚಿತ್ರಕ್ಕೆ ಇನ್ನೂ ಒಳ್ಳೇದಾಯ್ತು ಕಣಯ್ಯಾ. ಹುಡುಗಿ ಏನೇ ಕೇಳಿದ್ರೂ ಅವನು ಗಿಟಾರ್ ಎತ್ಕೋಬೇಕು," ಅಂದರು. ಇಂಥವರ ಕೈಕೆಳಗೆ ಕೆಲಸ ಮಾಡಿದೆ ಅನ್ನುವುದೇ ನನ್ನ ಜನ್ಮಕ್ಕೆ ಸಾಕು.

ಹಾಡನ್ನು ತಟ್ಟೆಗೆ ಹಿಡಿಯುವ ಮೆಲಿತೋನ್‌ಗೆ ಹೇಳಿದ್ದೇನೆ. ಅವನ ಬಾಯಿಂದ ಮಾತು ಬರುವುದೇ ಇಲ್ಲ, ಗೊತ್ತಲ್ಲ. ಇಲ್ಲಿ ಗೊತ್ತಿರುವುದು ನಮ್ಮ ಮೂವರಿಗೇ. ನಿನ್ನ ಪದಗಳನ್ನು ಕಳಿಸು.

ನಾಬೋರ್


ಸಾನ್ ಗಾಸ್ಪರ್
8 ಜೂನ್ 1952

ನಾಬೋರ್,

ಬೇಡ ಅಂತಲೇ ಬರೆಯಲು ಕೂತೆ. ಹಾಡುವ ಕುದುರೆ ಸವಾರ, ಚಾರ್ರೊ, ಅಂದಮೇಲೆ ಕೂರುವ ಕುದುರೆಯೂ ತನ್ನದೇ, ಹಾಡುವ ದನಿಯೂ ತನ್ನದೇ ಆಗಿರಬೇಕು. ನಮ್ಮ ಜನ ಏನು ಬೇಕಾದರೂ ಕ್ಷಮಿಸಿಯಾರು, ಎರವಲು ದನಿಯಲ್ಲಿ ಬಾಯಾಡಿಸಿದವನನ್ನು ಕ್ಷಮಿಸುವುದಿಲ್ಲ. ಗೊತ್ತಾದರೆ ನನ್ನ ಜೊತೆ ನಿನ್ನನ್ನೂ ಓಡಿಸುತ್ತಾರೆ. ನನಗಾದರೆ ಕುದುರೆಗಳಿವೆ, ನಿನಗೆ ಹಾಡು ಬಿಟ್ಟರೆ ಏನಿದೆ?

ಆದರೆ ಒಳಗೆ ಅಮ್ಮ ಗುಂಡಿ ತಿಕ್ಕುತ್ತಾ ಅಪ್ಪನ ಹಾಡು ಗುನುಗುತ್ತಿದ್ದಾಳೆ. ಅದಕ್ಕೇ ಒಪ್ಪಿದೆ. ಒಂದು ಷರತ್ತು. ಅವಳು ಕೇಳಿ ಒಪ್ಪಿದರೆ ಸರಿ. "ಇದು ನೀನಲ್ಲ" ಅಂತ ಒಂದು ಮಾತು ಅಂದರೆ ಅಲ್ಲೇ ನಿಜ ಹೇಳಿಬಿಡುತ್ತೇನೆ, ಇನ್ನೊಂದು ಸುಳ್ಳು ನನ್ನಿಂದಾಗದು.

ಹೇಗೂ ಹಾಡುತ್ತೀಯ, ನೆಟ್ಟಗೆ ಹಾಡು. ಕೇಕೆ ಹಾಕುವ ಮೊದಲು ನಾನು ಒಂಚೂರು ನಗುತ್ತೇನೆ. ನೀನು ಅಳುತ್ತೀಯ, ಅಲ್ಲೇ ಮೇಕೆ ಹುಟ್ಟುವುದು. ಎರಡನೆಯ ಸಾಲಿನ ನಡುವೆ ಉಸಿರು ತೆಗೆದುಕೊ. ಅದು ತಪ್ಪು ಜಾಗ, ಆದರೆ ಚಿಕ್ಕವನಾಗಿದ್ದಾಗ ಹೇಸರಗತ್ತೆ ಪಕ್ಕೆಗೆ ಒದ್ದ ಮೇಲೆ ನನಗೆ ಅಲ್ಲಿ ಉಸಿರು ನಿಲ್ಲುವುದಿಲ್ಲ. ಕೊನೆಯ ಅಕ್ಷರವನ್ನು ಎಳೆಯಬೇಡ, ಬಿಟ್ಟುಬಿಡು, ಗಿಟಾರುಗಳು ಹಿಡಿದುಕೊಳ್ಳುತ್ತವೆ.

ಪದಗಳು ಜೊತೆಯಲ್ಲಿವೆ. ಕೊನೆಯದನ್ನು ಮಡಚಿ ಅಂಟಿಸಿದ್ದೇನೆ. ಪದ್ಧತಿ ಪದ್ಧತಿಯೇ. ಮೈಕಿನ ಮುಂದೆ ನಿಂತ ಮೇಲೆ ತೆರೆ.

ಕ್ರಿಸ್ಪಿನ್


ಮೆಕ್ಸಿಕೊ ನಗರ
1 ಜುಲೈ 1952

ಕೊಂಪಾದ್ರೆ,

ತಟ್ಟೆ ಸಿದ್ಧ. ಮೆಲಿತೋನ್ ಬಾಗಿಲು ಹಾಕಿಕೊಂಡ. ವಾದ್ಯದವರಿಂದ ಮೊದಲೇ ಬಾರಿಸಿಕೊಂಡು ಅವರನ್ನು ಕಳಿಸಿಬಿಟ್ಟಿದ್ದ. ನನ್ನ ಪದ ಬಂದಾಗ ಮೈಕಿನ ಬಲಕ್ಕೆ ನಿಂತೆ, ನಿನ್ನ ಪದ ಬಂದಾಗ ನೀನು ಯಾವಾಗಲೂ ನಿಲ್ಲುವ ಎಡಕ್ಕೆ ನಿಂತೆ. ಹೇಸರಗತ್ತೆ ಒದ್ದ ಜಾಗದಲ್ಲಿ ಉಸಿರು ತೆಗೆದೆ. ಕೇಕೆಗೆ ಮೊದಲು ನಕ್ಕೆ. ನನ್ನನ್ನು ನಾನೇ ಹುಂಜ ಅಂದುಕೊಂಡು, ನಾನೇ ಮಂಚ ಹತ್ತಿಸಿಕೊಂಡು, ಮತ್ತೆ ಆ ಕಡೆ ಓಡಿ ಹೋಗಿ ಸಿಟ್ಟು ಮಾಡಿಕೊಂಡೆ. ಮಾತೇ ಆಡದ ಮೆಲಿತೋನ್ ಗಾಜಿನ ಹಿಂದೆ ಹೊಟ್ಟೆ ಹಿಡಿದುಕೊಂಡು ನಕ್ಕ.

ನೀನು ಅಂಟಿಸಿ ಕಳಿಸಿದ ಚೀಟಿಯನ್ನೂ ತೆರೆದೆ. ಅದರ ಬಗ್ಗೆ ಏನೂ ಬರೆಯುವುದಿಲ್ಲ.

ಹದಿನಾಲ್ಕಕ್ಕೆ ಸ್ಟುಡಿಯೊಗೆ ಬಾ. ಏನೂ ಕೇಳಬೇಡ, ಬಾ ಅಷ್ಟೇ.

ನಾಬೋರ್


ಸಾನ್ ಗಾಸ್ಪರ್
3 ಆಗಸ್ಟ್ 1952

ಮೋಸಗಾರ ನಾಬೋರ್,

ನಿನ್ನ ಎದುರಿಗೆ ಬಯ್ಯೋಣವೆಂದರೆ ದನಿ ಇಲ್ಲ, ಪತ್ರದಲ್ಲೇ ಬಯ್ಯುತ್ತೇನೆ.

ಸೆಟ್ಟಿನ ಪಡಖಾನೆಯಲ್ಲಿ ಕಟ್ಟೆಯ ತುದಿಗೆ ಒರಗಿ ನಿಂತೆ. ತಟ್ಟೆ ತಿರುಗಿತು. ದೊಡ್ಡ ಪೆಟ್ಟಿಗೆಯಿಂದ ನನ್ನ ದನಿ ಬಂತು, ನಾಬೋರ್. ನನ್ನ ನಗು, ನನ್ನ ತಪ್ಪು ಉಸಿರು. ಹೋದದ್ದು ಎದ್ದು ಬಂದು ನನ್ನ ಎದುರೇ ನಿಂತ ಹಾಗಿತ್ತು. ಮೊದಲ ಸಾಲಿಗೆ ತುಟಿ ಆಡಿಸುವುದನ್ನೇ ಮರೆತೆ. ದೋನ್ ಒನೊರಾತೊ ನನ್ನನ್ನು ಗದರಲಿಲ್ಲ. "ದೀಪ ಸರಿ ಇಲ್ಲ, ಇನ್ನೊಂದು ಸಲ," ಅಂದರು. ದೀಪ ಸರಿಯಾಗಿಯೇ ಇತ್ತು.

ಇಷ್ಟು ವರ್ಷ ಮೇಕೆ ಅಂದೆನಲ್ಲ, ಸುಳ್ಳು. ನೀನು ನನ್ನ ದನಿ ತೆಗೆದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನನ್ನು ನನಗಿಂತ ಚೆನ್ನಾಗಿ ಹಾಡುತ್ತಿದ್ದೆ.

ಈಗ ಮೋಸದ ಮಾತು. ಚಿತ್ರಕಥೆಯ ಪ್ರಕಾರ ಸೋಲಬೇಕಾದವನು ನಾನು. ಹೇಗೂ ಇದೇ ನನ್ನ ಕೊನೆಯ ಸೋಲು ಅಂತ, ಬಯ್ಯುವ ಬದಲು ಮನಸ್ಸಿನಲ್ಲಿದ್ದುದನ್ನು ಹೇಳಿ ಮುಗಿಸೋಣ ಅನ್ನಿಸಿ ಆ ಕೊನೆಯ ಪದ ಬರೆದಿದ್ದೆ:

ಹೊರಗೆ ಮುಳ್ಳು, ಒಳಗೆ ಜೇನು, ಕಳ್ಳಿ ಹಣ್ಣು ಈತ;
ಬಯ್ದು ಬಯ್ದೇ ಹಸಿದವರಿಗೆ ಬಡಿಸಿ ಕಳಿಸುವಾತ.
ಹುಡುಗಿ, ಕುದುರೆ, ಊರಿನ ಹೊಗಳಿಕೆ ಬೇಕಾದ್ದೊಯ್ಯಲಿ ತಾನು;
ಇವನು ಎದುರಿಗೆ ನಿಂತರೆ ಸಾಕು, ಹಾಡಲು ಬರುವೆನು ನಾನು.

ಇದಕ್ಕೆ ನೀನೊಂದು ಒಳ್ಳೆಯ ಬಯ್ಗುಳ ಹಾಡಿ ಗೆಲ್ಲಬೇಕಿತ್ತು. ನಾನು ತುಟಿ ಆಡಿಸಿ ಮುಗಿಸಿ, ನಿನ್ನ ಜವಾಬಿಗೆ ಕಾದೆ. ತಟ್ಟೆ ತಿರುಗುತ್ತಿತ್ತು. ಗಿಟಾರು ಮಾತ್ರ ಬರುತ್ತಿತ್ತು. ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ನಿನ್ನ ದನಿಯೇ ಇಲ್ಲ. ತಟ್ಟೆ ಕೆಟ್ಟಿತು ಅಂದುಕೊಂಡೆ. ನೋಡಿದರೆ ನೀನು ಮೆಲ್ಲಗೆ ಟೋಪಿ ತೆಗೆದು ಕಟ್ಟೆಯ ಮೇಲಿಟ್ಟೆ. ದೋನ್ ಒನೊರಾತೊ ಕ್ಯಾಮೆರಾ ನಿಲ್ಲಿಸಲಿಲ್ಲ. ಹಿಂದೆ ಕುಡುಕರಾಗಿ ಕೂತಿದ್ದ ಮುದುಕರು, ಬೆಳಗಿನಿಂದ ಬರೀ ಬಣ್ಣದ ನೀರು ಕುಡಿದವರು, ಒಬ್ಬೊಬ್ಬರಾಗಿ ಎದ್ದು ನಿಂತು ಟೋಪಿ ತೆಗೆದರು. ಅವರಿಗೆ ಯಾರೂ ಹೇಳಿರಲಿಲ್ಲ.

ಸರದಿ ನಿನ್ನದಾಗಿತ್ತು. ಗೆಲುವನ್ನು ನನ್ನ ತಲೆಗೆ ಕಟ್ಟಿ, ಚಿತ್ರೀಕರಣ ಮುಗಿದ ಮೇಲೂ ಒಂದು ಮಾತಾಡದೆ ಹೋದೆ. ಯಾಕೆ?

ಕ್ರಿಸ್ಪಿನ್


ಮೆಕ್ಸಿಕೊ ನಗರ
30 ನವೆಂಬರ್ 1952

ಕೊಂಪಾದ್ರೆ,

ಯಾಕೆ ಅಂತ ಕೇಳಿದ್ದೆ. ಬಯ್ಗುಳಕ್ಕೆ ಬಯ್ಗುಳ ಇದೆ. ನಿನ್ನ ಆ ಕೊನೆಯ ಪದಕ್ಕೆ ಏನು ಹೇಳಲಿ? ಮೈಕಿನ ಬಲಕ್ಕೆ ಬಂದು ನಿಂತೆ, ಬಾಯಿ ತೆರೆದೆ, ಏನೂ ಬರಲಿಲ್ಲ. ಮೆಲಿತೋನ್ ನನ್ನನ್ನೇ ನೋಡುತ್ತಾ ತಟ್ಟೆಯನ್ನು ತಿರುಗಲು ಬಿಟ್ಟ. ಜವಾಬು ಸಿಗದವನು ಟೋಪಿ ಇಡಬೇಕು, ಇಟ್ಟೆ. ಇದರಲ್ಲಿ ಮೋಸ ಎಲ್ಲಿದೆ? ದೋನ್ ಒನೊರಾತೊ ಮೊದಲು ಕೂಗಾಡಿದರು, ಆಮೇಲೆ ತಟ್ಟೆ ಹಾಕಿಸಿ ಕೇಳಿದರು. "ನಾನು ಬರೆದ ಕೊನೆ ಸುಡುಗಾಡಿಗೆ ಹೋಗ್ಲಿ," ಅಂದರು.

ಮೊನ್ನೆ ಇಲ್ಲಿ ಚಿತ್ರ ಬಿಡುಗಡೆಯಾಯಿತು. ನೀನು ಗಿಟಾರ್ ಎತ್ತಿಕೊಂಡಾಗಲೆಲ್ಲ ಜನ ಕುರ್ಚಿಯಿಂದ ಬೀಳುವ ಹಾಗೆ ನಕ್ಕರು. ಪಡಖಾನೆಯ ಕೊನೆಯಲ್ಲಿ ಮಾತ್ರ ಯಾರೂ ನಗಲಿಲ್ಲ, ಚಪ್ಪಾಳೆಯೂ ಇಲ್ಲ. ಆಮೇಲೆ ಟೋಪಿಗಳು ಮೇಲೆ ಹಾರಿದವು. ಒಬ್ಬನಿಗೂ ಅನುಮಾನ ಬಂದಿಲ್ಲ. ಪತ್ರಿಕೆಯವನೊಬ್ಬ, ಕ್ರಿಸ್ಪಿನ್ ದನಿ ಈ ಸಲ ಇನ್ನೂ ಪಳಗಿದೆ, ನಾಬೋರ್ ಸ್ವಲ್ಪ ಬಳಲಿದಂತಿದೆ ಅಂತ ಬರೆದಿದ್ದಾನೆ. ಓದಿ ಸಂತೋಷಪಟ್ಟೆನೋ ಸಂಕಟಪಟ್ಟೆನೋ ಹೇಳಲಾರೆ.

ಇವರೆಲ್ಲ ಇರಲಿ. ನಿನ್ನೂರಿಗೆ ಚಿತ್ರ ಯಾವಾಗ ಬರುತ್ತದೆ? ದೋನ್ಯಾ ತೊಮಾಸಾ ಕೇಳಿದ ಮೇಲೆ ಬರೆ. ಅಲ್ಲಿಯ ತನಕ ನನಗೆ ಊಟ ಸೇರುವುದಿಲ್ಲ. ನಿಜವಾದ ಪರೀಕ್ಷೆ ಅವರದೇ.

ನಾಬೋರ್


ಸಾನ್ ಗಾಸ್ಪರ್
20 ಜನವರಿ 1953

ನಾಬೋರ್, ನನ್ನ ತಮ್ಮಾ,

ಭಾನುವಾರ ಮಧ್ಯಾಹ್ನ ಚಿತ್ರ ಬಂತು. ಇಡೀ ಊರು ಕುರ್ಚಿ ಹೊತ್ತುಕೊಂಡು ಚರ್ಚಿನ ಪಕ್ಕದ ಸಭಾಂಗಣಕ್ಕೆ ಹೋಯಿತು. ಅಮ್ಮನಿಗೆ ಮುಂದಿನ ಸಾಲು. ಶಾಲು ಹೊದ್ದು, ಕಣ್ಣು ಮುಚ್ಚಿ, ಕೈ ಮಡಿಲಲ್ಲಿಟ್ಟು ಕೂತಳು. ನಾನು ಪಕ್ಕದಲ್ಲಿದ್ದೆ. ಪರದೆ ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದೆ.

ನನ್ನ ಮೊದಲ ಪದ ಬಂತು. ನೀನು ನಕ್ಕೆ, ಉಸಿರು ತೆಗೆದೆ, ಕೇಕೆ ಹಾಕಿದೆ. ಊರು ಕುಣಿಯಿತು. ಅಮ್ಮ ಶಾಲು ಸರಿಸಿ ಕಣ್ಣು ತೆರೆದಳು.

ಇಷ್ಟು ವರ್ಷದಲ್ಲಿ ಮೊದಲ ಸಲ, ನಾಬೋರ್. ಪರದೆಯ ಮೇಲಿನ ನನ್ನ ಬಾಯಿಯನ್ನು ನೆಟ್ಟ ನೋಟದಿಂದ ನೋಡಿದಳು. ಅವಳಿಗೆ ಗೊತ್ತಾಗಿದೆ ಅಂತ ನನಗೆ ಅಲ್ಲಿಯೇ ತಿಳಿಯಿತು. ಕೊನೆಯ ತನಕ ಕಣ್ಣು ಮುಚ್ಚಲಿಲ್ಲ. ನೀನು ಟೋಪಿ ಇಟ್ಟಾಗ ಅವಳ ಕೈ ನನ್ನ ಕೈ ಮೇಲೆ ಬಂತು. ದೀಪ ಹತ್ತಿದ ಮೇಲೆ ಪಕ್ಕದ ಮನೆಯಾಕೆ, "ಏನು ದನಿ ದೋನ್ಯಾ ತೊಮಾಸಾ! ಹರಕೆ ಫಲ ಕೊಡ್ತು," ಅಂದಳು. "ಮತ್ತೆ? ನನ್ನ ಮಗ ಅಲ್ವೇನೆ," ಅಂತ ಅಮ್ಮ ತಲೆ ಎತ್ತಿಕೊಂಡು ನಡೆದಳು.

ಮನೆಗೆ ಬಂದು ಅಡುಗೆಮನೆಯ ಬಾಗಿಲು ಹಾಕಿದಳು. ನನ್ನ ಷರತ್ತಿನಂತೆ ನಿಜ ಹೇಳಲು ಬಾಯಿ ತೆರೆದೆ. ಬಿಡಲಿಲ್ಲ.

"ಸುಮ್ನಿರು. ನಿಮ್ಮಪ್ಪ ಅದರಲ್ಲಿ ಇರ್ಲಿಲ್ಲ," ಅಂದಳು.

"ಯಾವಾಗ ಗೊತ್ತಾಯ್ತಮ್ಮ?"

"ನೀನು ಗ್ವಾದಲಹಾರದಿಂದ ಬಂದ ದಿನಾನೇ. ಹರಕೆ ಹೊತ್ತೋನು ಮಾತೆ ಹೆಸರೆತ್ತಿದ್ರೆ ಎದೆ ಮೇಲೆ ಶಿಲುಬೆ ಗುರುತು ಹಾಕ್ಕೋತಾನೆ. ನೀನು ಹಾಕ್ಕೊಂಡ್ಯಾ? ಗಂಟಲು ಮುಟ್ಕೊಂಡೆ. ಕುದುರೆಗೆ ನೀರು ಹಾಕುವಾಗ ಗುನುಗೋದನ್ನೂ ಬಿಟ್ಟೆ."

"ಮತ್ತೆ ಊರಿಗೆಲ್ಲ ಹರಕೆ ಅಂತ ಯಾಕೆ ಸಾರ್ದೆ?"

"ಯಾರೂ ನಿನ್ನ ಹಾಡು ಅನ್ಬಾರದು ಅಂತ. ಮದುವೆ, ಹಬ್ಬ, ಸಾವು ಅಂತ ಬಾಗಿಲಿಗೆ ಬಂದೋರಿಗೆ ನೀನು ಏನಂತ ಹೇಳ್ತಿದ್ದೆ? ಮಾತೆ ಹೆಸರು ಕೇಳಿದ್ರೆ ಯಾರೂ ಬಲವಂತ ಮಾಡಲ್ಲ."

ನಾನು ಅವಳನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ಒಂದು ವರ್ಷಕ್ಕೂ ಮೇಲೆ ಅವಳೇ ನನ್ನನ್ನು ಕಾಯುತ್ತಿದ್ದಳು. ಹಾಗಾದರೆ ಹರಕೆ ಮುಗಿಯಿತು, ಹೋಗು ಅಂತ ಗುಂಡಿ ತಿಕ್ಕಿದ್ದು ಯಾಕೆ ಅಂತ ಕೇಳಿದೆ.

"ನೀನು ಮೂಲೆ ಹಿಡಿದು ಕೂತಿದ್ದೆ. ನನ್ನ ಹತ್ರ ಹೇಳಲ್ಲ. ಆ ಹುಡುಗನ ಹತ್ರ ಆದ್ರೂ ಹೇಳ್ಕೊಳ್ಳಲಿ ಅಂತ," ಅಂದಳು. ಆಮೇಲೆ ಒಲೆಯ ಕಡೆ ತಿರುಗಿ, "ಇನ್ನೊಬ್ಬರ ದನೀನ ಅಷ್ಟು ಚೆನ್ನಾಗಿ ಕಲೀಬೇಕಾದ್ರೆ ಎಷ್ಟು ದಿನ ಪ್ರೀತಿಯಿಂದ ಕೇಳಿರ್ಬೇಕು ಅವನು," ಅಂದಳು.

ಪ್ರತಿ ಚಿತ್ರವಾದ ಮೇಲೆ ಸೀಬೆ ಹಣ್ಣಿನ ಹಲ್ವ ಮಾಡಿ, ಮೊದಲ ಅಚ್ಚನ್ನು ಹಾಡಿದ ಮಗನಿಗೆ ಅಂತ ನನಗೆ ಕೊಡುತ್ತಿದ್ದಳಲ್ಲ, ಈ ಸಲವೂ ಮಾಡಿದಳು. ನಾನು ತಟ್ಟೆ ಹಿಡಿದೆ. ಕೈ ಮೇಲೆ ಹೊಡೆದಳು. "ನಿಂದಲ್ಲ, ಹಾಡಿದ ಮಗನದು." ಮೊದಲ ಅಚ್ಚು ಈ ಪೊಟ್ಟಣದಲ್ಲಿದೆ, ನಿನ್ನದು. ಸ್ಟುಡಿಯೊದಲ್ಲಿ ಹಂಚಿಬಿಡಬೇಡ. ದೋನ್ ಒನೊರಾತೊಗೂ ಮೆಲಿತೋನ್‌ಗೂ ಒಂದೊಂದು ಚೂರು ಕೊಟ್ಟರೆ ಸಾಕು.

ಹಲ್ವ ಕಟ್ಟಿ ಮುಗಿಸಿ ಕೈ ತೊಳೆದುಕೊಂಡು ನನ್ನೆದುರು ಕೂತಳು.

"ಈಗ ಹಾಡು," ಅಂದಳು.

"ದನಿ ಎಲ್ಲಿದೆ ಅಮ್ಮ?"

"ಇರೋದ್ರಲ್ಲೇ ಹಾಡು. ನಿಮ್ಮಪ್ಪನ ದನಿ ತುಂಬಾ ವರ್ಷ ಕೇಳಿದೀನಿ. ನಿಂದು ಇನ್ನೂ ಕೇಳಿಲ್ಲ."

ಹಾಡಿದೆ, ನಾಬೋರ್. ಬಾಗಿಲು ಕಿರುಗುಟ್ಟಿದ ಹಾಗೆ, ತಪ್ಪು ಜಾಗದಲ್ಲಿ ಉಸಿರು ತೆಗೆದುಕೊಳ್ಳುತ್ತಾ, ಅಪ್ಪನ ಹಳೆಯ ಹಾಡನ್ನು ಪೂರ್ತಿ ಹಾಡಿದೆ. ಅಮ್ಮ ಶಾಲು ಎಳೆದುಕೊಂಡು ಕಣ್ಣು ಮುಚ್ಚಿದಳು.

ನಿನ್ನ
ಕ್ರಿಸ್ಪಿನ್